ಝೈಮೋ ಮೆಥೈಲೇಷನ್-ಗೋಲ್ಡ್ ಕಿಟ್: ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಬ್ಲಾಕ್‌ಗಳಿಗೆ ಹೇಗಿದೆ?

ಕೋಲಾರ, ಟಮಕದ ಸುತ್ತಿನ ಲ್ಯಾಬ್‌ಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನ ಮೇಲೆ ಡಿಎನ್‌ಎ ಮೆಥೈಲೇಷನ್ (ಡಿಎನ್‌ಎ ಮೇಲೆ ಮೆಥೈಲ್ ಎಂಬ ರಾಸಾಯನಿಕ ಗುರುತು ಅಂಟಿಕೊಳ್ಳುವುದು) ಕೆಲಸ ಶುರು ಮಾಡುವವರಿಗಾಗಿ ಈ ವಿಮರ್ಶೆ. ಇಲ್ಲಿ ನೋಡುತ್ತಿರುವುದು ಝೈಮೋ ರಿಸರ್ಚ್‌ನ ಈಝೀ ಡಿಎನ್‌ಎ ಮೆಥೈಲೇಷನ್-ಗೋಲ್ಡ್, 50 ಸ್ಯಾಂಪಲ್‌ಗಳ ಡಬ್ಬ. ಕಿಟ್ ಚೆನ್ನಾಗಿದೆ, ಕೊಳ್ಳಬಹುದು. ಫಲಿತಾಂಶ ಕೆಟ್ಟಾಗ ಹೆಚ್ಚಿನ ಸಲ ತಪ್ಪು ಆಗಿರುವುದು ಕಿಟ್ ತೆರೆಯುವ ಮೊದಲೇ, ಬ್ಲಾಕ್‌ನಲ್ಲಿ, ಅಂದರೆ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡಿನಲ್ಲಿ.

ಕಿಟ್‌ನ ಬೈಸಲ್ಫೈಟ್ ರಾಸಾಯನಿಕವು ಮೆಥೈಲ್ ಇಲ್ಲದ ಸೈಟೋಸಿನ್ನನ್ನು (ಡಿಎನ್‌ಎಯ ಸಿ ಅಕ್ಷರ) ಯುರಾಸಿಲ್ ಮಾಡುತ್ತದೆ, ಡಿಎನ್‌ಎಯ ನಕಲುಗಳನ್ನು ಮಾಡುವ ಪಿಸಿಆರ್‌ನಲ್ಲಿ ಅದು ಟಿ ಆಗಿ ಕಾಣುತ್ತದೆ. ಮೆಥೈಲ್ ಇದ್ದದ್ದು ಸಿ ಆಗಿಯೇ ಉಳಿಯುತ್ತದೆ. ಹಾಗಾಗಿ ಪರಿವರ್ತನೆ ಅರ್ಧಕ್ಕೆ ನಿಂತರೆ ಉಳಿದ ಸಿ ಎಲ್ಲವೂ ಮೆಥೈಲೇಷನ್ ಇದ್ದಂತೆಯೇ ಓದಿಸಿಕೊಳ್ಳುತ್ತದೆ. ಮೆಥೈಲೇಷನ್ ಇದ್ದರೆ ಬದುಕಿನ ಅವಧಿ ಕಡಿಮೆ ಎನ್ನುವ ಜೀನ್ ಆದರೆ, ರೋಗಿಯ ಮುನ್ಸೂಚನೆ (ರೋಗ ಮುಂದೆ ಹೇಗೆ ಸಾಗಬಹುದೆಂಬ ಅಂದಾಜು) ಕೆಟ್ಟದ್ದೆಂದು ಸುಳ್ಳೇ ತೋರಿಸುವ ತಪ್ಪು ಇದು, ಇದಕ್ಕೇ ಹೆಚ್ಚು ಹೆದರಬೇಕು.

ಪರಿವರ್ತನಾ ಪುಡಿಯ ಒಂದು ಟ್ಯೂಬಿಗೆ 900 ಮೈಕ್ರೋಲೀಟರ್ ನೀರು, 300 ಡೈಲ್ಯೂಷನ್ ಬಫರ್, 50 ಡಿಸಾಲ್ವಿಂಗ್ ಬಫರ್ ಹಾಕಿ 10 ನಿಮಿಷ ಅಲ್ಲಾಡಿಸಬೇಕು. ಇದು 10 ಸ್ಯಾಂಪಲ್‌ಗೆ ಸಾಕು. ಬೆಳಕು ತಾಗಬಾರದು. ನೀರು ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಎಂಜೈಮ್) ಇಲ್ಲದ್ದೇ ಇರಲಿ, ಬೋರ್‌ವೆಲ್ ನೀರಿಗೆ ಹಾಕಿದ ಆರ್‌ಒ ಫಿಲ್ಟರಿನದು ಬೇಡ. ವಾಷ್ ಬಫರ್ 6 ಮಿಲಿಲೀಟರ್‌ಗೆ 24 ಮಿಲಿಲೀಟರ್ ಅಬ್ಸಲ್ಯೂಟ್ ಎಥನಾಲ್ ಸೇರಬೇಕು. ಸರ್ಜಿಕಲ್ ಸ್ಪಿರಿಟ್ ಆಗುವುದಿಲ್ಲ.

20 ಮೈಕ್ರೋಲೀಟರ್ ಡಿಎನ್‌ಎಗೆ 130 ಮೈಕ್ರೋಲೀಟರ್ ದ್ರಾವಣ, 98 ಡಿಗ್ರಿಯಲ್ಲಿ 10 ನಿಮಿಷ, 64 ಡಿಗ್ರಿಯಲ್ಲಿ ಎರಡೂವರೆ ಗಂಟೆ. ಒಟ್ಟು 150 ಆಯಿತಲ್ಲ, ಎಷ್ಟೋ ಪಿಸಿಆರ್ ಯಂತ್ರಗಳು 100 ಮೈಕ್ರೋಲೀಟರ್‌ಗಿಂತ ಹೆಚ್ಚನ್ನು ಸಮನಾಗಿ ಕಾಯಿಸುವುದಿಲ್ಲ. ಎರಡು ಟ್ಯೂಬಿಗೆ ಹಂಚಿ ಇಡಿ. ಆ ಎರಡೂವರೆ ಗಂಟೆಯ ಮಧ್ಯೆ ಕರೆಂಟ್ ಹೋದರೆ ಪರಿವರ್ತನೆ ಅಪೂರ್ಣ, ಆದ್ದರಿಂದ ಯಂತ್ರ ಯುಪಿಎಸ್ ಮೇಲೇ ಇರಬೇಕು. ಆಮೇಲೆ 600 ಮೈಕ್ರೋಲೀಟರ್ ಬೈಂಡಿಂಗ್ ಬಫರ್ ಜೊತೆ ಡಿಎನ್‌ಎ ಹಿಡಿದಿಡುವ ಕಾಲಂಗೆ ಹಾಕಿ ತಿರುಗಿಸಿ, 100 ಮೈಕ್ರೋಲೀಟರ್ ವಾಷ್ ಬಫರ್‌ನಲ್ಲಿ ಒಮ್ಮೆ ತೊಳೆದು, 200 ಡಿಸಲ್ಫೋನೇಷನ್ ಬಫರ್ ಹಾಕಿ 15ರಿಂದ 20 ನಿಮಿಷ ಬಿಡುವುದು. ಈ ಹಂತಕ್ಕೆ ಕೋಣೆ 20ರಿಂದ 30 ಡಿಗ್ರಿ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೋಲಾರದ ಲ್ಯಾಬಿಗೆ ಎಸಿ ಬೇಕೇಬೇಕು, ಬಿಸಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೊದಲೇ ತುಂಡಾದ ಡಿಎನ್‌ಎ ಇನ್ನೂ ಹಾಳಾಗುತ್ತದೆ. 200 ಮೈಕ್ರೋಲೀಟರ್ ವಾಷ್ ಬಫರ್‌ನಲ್ಲಿ ಎರಡು ಸಲ ತೊಳೆದು, ಕಾಲಂನಿಂದ ಡಿಎನ್‌ಎಯನ್ನು 10 ಮೈಕ್ರೋಲೀಟರ್‌ನಲ್ಲಿ ಇಳಿಸಿಕೊಳ್ಳಿ.

ಹೊರಬಂದದ್ದು ಒಂಟಿ ಎಳೆಯ ಡಿಎನ್‌ಎ. ಜೋಡಿ ಎಳೆಗೆಂದು ಮಾಡಿದ ಬಣ್ಣದಲ್ಲಿ ಅಳೆದು "ಏನೂ ಬಂದಿಲ್ಲ" ಎಂದು ಎಸೆಯಬೇಡಿ. ರಿಯಲ್‌ಟೈಮ್ ಪಿಸಿಆರ್‌ಗೆ ಸಿಗುವ ಹಲವು ಸಿದ್ಧ ಮಿಶ್ರಣಗಳಲ್ಲಿ ಯುರಾಸಿಲ್ ಕತ್ತರಿಸುವ ಎಂಜೈಮ್ ಇರುತ್ತದೆ. ಅದು ನಿಮ್ಮ ಸ್ಯಾಂಪಲ್ಲನ್ನೇ ತಿಂದುಹಾಕುತ್ತದೆ, ಲೇಬಲ್ ಓದಿ ಕೊಳ್ಳಿ. ಫಾರ್ಮಲಿನ್ ಬ್ಲಾಕ್‌ನಿಂದ ಬಂದದ್ದಾದರೆ ಪಿಸಿಆರ್ ನಕಲು ಮಾಡುವ, ಪ್ರೈಮರ್‌ಗಳ ನಡುವಿನ ತುಂಡು 150 ಬೇಸ್‌ಗಿಂತ ಚಿಕ್ಕದಿರಲಿ.

ಈಗ ಬ್ಲಾಕ್ ವಿಚಾರ. ಈ ಗಡ್ಡೆಯಲ್ಲಿ ನಾರಿನ ಅಂಶವೇ ಹೆಚ್ಚು, ಕ್ಯಾನ್ಸರ್ ಕೋಶಗಳು ಅಲ್ಲಲ್ಲಿ ಚದುರಿರುತ್ತವೆ. ಸೆಕ್ಷನ್‌ನಲ್ಲಿ ಕ್ಯಾನ್ಸರ್ ಕೋಶ ಶೇ. 20 ಮಾತ್ರ ಇದ್ದು, ಅವುಗಳಲ್ಲೆಲ್ಲ ಒಂದು ಜೀನ್ ಪೂರ್ತಿ ಮೆಥೈಲೇಟ್ ಆಗಿದ್ದರೂ ಯಂತ್ರ ತೋರಿಸುವುದು ಸುಮಾರು ಶೇ. 20. ಅದನ್ನು "ಕಡಿಮೆ ಮೆಥೈಲೇಷನ್" ಎಂದು ಬರೆದರೆ ಅನ್ಯಾಯ. ಪೆಥಾಲಜಿಯವರು ಎಚ್‌ಅಂಡ್‌ಇ (ಬಣ್ಣ ಹಾಕಿದ) ಸ್ಲೈಡ್ ಮೇಲೆ ಗಡ್ಡೆಯ ಜಾಗ ಗುರುತಿಸಿಕೊಟ್ಟ ಮೇಲೆ, ಬಣ್ಣ ಹಾಕದ ಸೆಕ್ಷನ್‌ಗಳಿಂದ ಆ ಜಾಗವನ್ನಷ್ಟೇ ಕೆರೆದುಕೊಳ್ಳಿ, ಅಲ್ಲಿ ಕ್ಯಾನ್ಸರ್ ಕೋಶ ಶೇಕಡಾ ಎಷ್ಟೆಂದೂ ಬರೆದಿಡಿ. ಫಾರ್ಮಲಿನ್ ಬಫರ್ ಮಾಡಿದ ಶೇ. 10ರದ್ದೇ ಆಗಿರಬೇಕು. ವಾರಗಟ್ಟಲೆ ಮುಳುಗಿಸಿಟ್ಟ ತುಂಡಿನಿಂದ ಒಳ್ಳೆಯ ಡಿಎನ್‌ಎ ನಿರೀಕ್ಷಿಸಬೇಡಿ. ಕಿಟ್ 500 ಪಿಕೋಗ್ರಾಂನಿಂದ 2 ಮೈಕ್ರೋಗ್ರಾಂವರೆಗೆ ತೆಗೆದುಕೊಳ್ಳುತ್ತದೆ, ಆದರೆ ನೆಮ್ಮದಿ ಇರುವುದು 200ರಿಂದ 500 ನ್ಯಾನೋಗ್ರಾಂನಲ್ಲಿ. ಪ್ರತಿ ಸಲವೂ ಪೂರ್ತಿ ಮೆಥೈಲೇಟ್ ಆದ ಒಂದು, ಆಗದ ಒಂದು, ಡಿಎನ್‌ಎ ಇಲ್ಲದ ಒಂದು ಕಂಟ್ರೋಲ್ ಜೊತೆಗೇ ಓಡಲಿ.

ಯಾವ ಜೀನಿನ ಮೆಥೈಲೇಷನ್ ನೋಡಬೇಕು? ಎಸ್‌ಎಫ್‌ಆರ್‌ಪಿ1 ಮೆಥೈಲೇಷನ್ ಇದ್ದವರ ಬದುಕಿನ ಅವಧಿ ಕಡಿಮೆ ಎಂಬ ವರದಿಗಳಿವೆ. ಬಿಎನ್‌ಸಿ1, ಎಡಿಎಎಮ್‌ಟಿಎಸ್1 ಹೆಚ್ಚಾಗಿ ಪರೀಕ್ಷೆಗೊಳಗಾದದ್ದು ರೋಗವನ್ನು ಬೇಗ ಪತ್ತೆ ಹಚ್ಚಲು. ಪತ್ತೆಯ ಗುರುತನ್ನು ಮುನ್ಸೂಚನೆಯ ಗುರುತಾಗಿ ಮಾರುವವರಿದ್ದರೆ ಒಪ್ಪಬೇಡಿ. ಇಂದಿಗೂ ಚಿಕಿತ್ಸೆ ನಿರ್ಧರಿಸುವುದು ಹಂತ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬುದು, ಕತ್ತರಿಸಿದ ಅಂಚು, ದುಗ್ಧಗ್ರಂಥಿಗಳು, ಸಿಎ 19-9 ಎಂಬ ರಕ್ತಪರೀಕ್ಷೆಯ ಗುರುತು. ಆದ್ದರಿಂದ ಶ್ರೀನಿವಾಸಪುರದಿಂದಲೋ ಮುಳಬಾಗಿಲಿನಿಂದಲೋ ಬಂದ ಮನೆಯವರ ಕೈಗೆ "ಇಷ್ಟು ತಿಂಗಳು" ಎನ್ನುವ ಮೆಥೈಲೇಷನ್ ವರದಿ ಕೊಡಲೇಬಾರದು. ಸಂಶೋಧನೆಯ ಫಲಿತಾಂಶವೆಂದು ಕಡತದಲ್ಲಿರಲಿ.

ಎಂಜೈಮಿನಿಂದ ಪರಿವರ್ತಿಸುವ ಕಿಟ್‌ಗಳು ಡಿಎನ್‌ಎಯನ್ನು ಇಷ್ಟು ತುಂಡು ಮಾಡುವುದಿಲ್ಲ. ರಕ್ತದ ಪ್ಲಾಸ್ಮಾದಲ್ಲಿ ಸಿಗುವ ಕೆಲವೇ ನ್ಯಾನೋಗ್ರಾಂ ಡಿಎನ್‌ಎಗೆ ಅವು ವಾಸಿ. ಆದರೆ ಬೆಂಗಳೂರಿನಿಂದ ಟಮಕದವರೆಗೆ ಮೈನಸ್ 20ರಲ್ಲೇ ಬರಬೇಕು, ಇಲ್ಲೂ ಹಾಗೆಯೇ ಇಡಬೇಕು. ಗೋಲ್ಡ್ ಕಿಟ್ಟಿಗೆ ಕೋಣೆಯ ಕಪಾಟು ಸಾಕು. ಬ್ಲಾಕ್‌ಗಳ ಕೆಲಸಕ್ಕೆ ಇದನ್ನೇ ತರಿಸಿ.