ಚಾಕಿ ಹುಳು ತರುವುದೋ, ಮೊಟ್ಟೆ ತಂದು ಮನೆಯಲ್ಲೇ ಒಡೆಸುವುದೋ

ರೇಷ್ಮೆ ಬೆಳೆಗೆ ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ದಾಟಿದ ಎಳೆ ಹುಳುವನ್ನು, ಅಂದರೆ ಚಾಕಿಯನ್ನು, ಅದನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರುವುದು ಕೊಪ್ಪಳದ ನಮ್ಮ ಕಡೆ ಹಲವರ ರೂಢಿ. ಎರಡನ್ನೂ ಮಾಡಿ ನೋಡಿದ ಮೇಲೆ ನನ್ನ ಒಲವು ಮನೆಯಲ್ಲೇ ಮೊಟ್ಟೆ ಒಡೆಸುವುದರ ಕಡೆಗಿದೆ. ಮರಿಗಳೆಲ್ಲ ಒಂದೇ ಬೆಳಗ್ಗೆ ಹೊರಬಂದವೋ ಇಲ್ಲವೋ ಎಂಬುದು ಆಗ ನನ್ನ ಕಣ್ಣೆದುರೇ ತೀರ್ಮಾನವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಕೇಂದ್ರದಿಂದ ತಂದ 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಎಂದು ಎಣಿಸುವುದು) ಚಾಕಿ, ಅಂದರೆ ಸುಮಾರು 40,000 ಹುಳು, ನೋಡಲು ಲಕ್ಷಣವಾಗಿಯೇ ಇತ್ತು. ಮೂರನೇ ಜ್ವರಕ್ಕೆ ಬಂದಾಗ ಬಣ್ಣ ಬಯಲಾಯಿತು. ಒಂದೇ ತಟ್ಟೆಯಲ್ಲಿ ಕೆಲವು ತಲೆ ಎತ್ತಿ ಅಲುಗಾಡದೆ ಕೂತಿದ್ದರೆ, ಪಕ್ಕದವು ಇನ್ನೂ ಸೊಪ್ಪು ಮೇಯುತ್ತಿದ್ದವು. ಮೊಟ್ಟೆ ಎರಡು ಮೂರು ದಿನ ಹಿಡಿದು ಒಡೆದಿದ್ದರೆ ಆ ಅಂತರ ಪ್ರತಿ ಜ್ವರಕ್ಕೂ ಬೆನ್ನು ಹತ್ತಿ ಬರುತ್ತದೆ.

ಇದರ ಕಿರಿಕಿರಿ ಅನುಭವಿಸಿದವರಿಗೇ ಗೊತ್ತು. ಸೊಪ್ಪು ಹಾಕಿದರೆ ಜ್ವರಕ್ಕೆ ಕೂತವು ಅದರಡಿ ಹೂತುಹೋಗುತ್ತವೆ, ಹಾಕದಿದ್ದರೆ ಮಿಕ್ಕವು ಉಪವಾಸ ಬೀಳುತ್ತವೆ. ಜ್ವರದಲ್ಲಿ ಹಾಸು ಒಣಗಿಸುವ ಸುಣ್ಣವನ್ನು ಯಾವ ಹೊತ್ತಿಗೆ ಉದುರಿಸಬೇಕೆಂಬುದೇ ತಿಳಿಯುವುದಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟಿಗೆ) ಬಿಡುವ ಕೆಲಸ ದಿನಗಟ್ಟಲೆ ಎಳೆದು, ಕೂಲಿಯೂ ಅದರಂತೆಯೇ ಬೆಳೆಯಿತು. ಕೇಂದ್ರದವರು ದಾರಿಯ ಬಿಸಿಲನ್ನು ದೂರಿ ಸುಮ್ಮನಾದರು.

ಮನೆಯಲ್ಲಿ 25 ಡಿಗ್ರಿ ಉಷ್ಣತೆ ಮತ್ತು ಶೇ. 80ರ ಆಸುಪಾಸಿನ ತೇವ ಸಿಕ್ಕರೆ ಮೊಟ್ಟೆ ಸುಮಾರು 10 ದಿನಕ್ಕೆ ಒಡೆಯುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪತ್ರಾಸ್ ಶೆಡ್ಡು ಇದಕ್ಕೆ ಆಗದು. ಮಣ್ಣಿನ ಮಾಳಿಗೆಯ ಒಳಕೋಣೆ, ಒದ್ದೆ ಗೋಣಿಚೀಲ ಬೇಕು. ಒಡೆಯುವುದಕ್ಕೆ ಎರಡು ದಿನ ಮೊದಲು ಸಿಪ್ಪೆಯೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ, ಅದೇ ಮರಿಯ ತಲೆ. ಮರುದಿನ ಇಡೀ ಮೊಟ್ಟೆ ನೀಲಿಗಟ್ಟುತ್ತದೆ. ಚುಕ್ಕೆ ಕಂಡ ಕೂಡಲೇ ಮೊಟ್ಟೆ ಅಂಟಿರುವ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟರೆ ಮುಂದಿರುವವು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದುಳಿದವು ಬಂದು ಸೇರಿಕೊಳ್ಳುತ್ತವೆ, ಒಡೆಯುವ ದಿನ ನಸುಕಿನಲ್ಲಿ ಬಟ್ಟೆ ತೆಗೆದು ಬೆಳಕು ತೋರಿಸಿದರೆ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಹೊರಬೀಳುತ್ತವೆ. (ಗಿಡದ ಮೇಲಿನ ಕೆಲವು ಜಾತಿಯ ತಿಗಣೆಗಳಲ್ಲಿ ಪಕ್ಕದ ಮೊಟ್ಟೆ ಬಿರಿದಾಗಿನ ಕಂಪನವೇ ಉಳಿದವನ್ನು ಹೊರಡಿಸುತ್ತದೆ, ರೇಷ್ಮೆ ಹುಳುವಿನ ವಿಷಯದಲ್ಲಿ ನಮ್ಮ ಕೈಗೆ ಸಿಗುವುದು ಬೆಳಕು ಮಾತ್ರ.)

ಇಲ್ಲಿಯೂ ತೊಡಕಿಲ್ಲವೆಂದಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ತೆಳುವಾದ ಬಟ್ಟೆಯನ್ನು ದಾಟಿದರೆ ಹಾಳೆಯ ಅಂಚಿನ ಮೊಟ್ಟೆಗಳು ಒಂದು ದಿನ ಮುಂಚೆಯೇ ಒಡೆಯುತ್ತವೆ. ಆದ್ದರಿಂದ ಬಟ್ಟೆ ಎರಡು ಪದರವಿರಲಿ, ಬೆಳಕಿಂಡಿಯ ಮೇಲೆ ಕಬ್ಬಿಣದ ಬುಟ್ಟಿ ಬೋರಲು ಹಾಕಿರಲಿ.

ಚಾಕಿಯ ದರ ಮೊಟ್ಟೆಯ ದರಕ್ಕಿಂತ ಎಷ್ಟೋ ಹೆಚ್ಚು. ಹಾಲು ಕರೆಯಲು ಹೇಗೂ ನಸುಕಿಗೇ ಏಳುವ ನನಗೆ ಬಟ್ಟೆ ತೆಗೆಯುವುದು ಹೊರೆಯಲ್ಲ. ಹೊಲವೂ ದೂರ, ಮನೆಯಲ್ಲಿ ಆಳೂ ಇಲ್ಲದವರಿಗೆ ಚಾಕಿಯೇ ಸರಿಹೋಗಬಹುದು. ಅಂಥವರು ಹುಳುವಿನ ದಪ್ಪ ನೋಡುವ ಬದಲು, ಮೊದಲ ದಿನವೇ ಶೇಕಡಾ ಎಷ್ಟು ಮೊಟ್ಟೆ ಒಡೆಯಿತೆಂದು ಕೇಳಲಿ. 90ಕ್ಕಿಂತ ಕಡಿಮೆ ಎಂದರೆ ನಾನಂತೂ ಮುಂಗಡ ಕೊಡುವುದಿಲ್ಲ.