ಹ್ಯಾಕರ್ ನ್ಯೂಸ್: ಆ ಪುಟ್ಟ ಬಾಣದ ಬಗ್ಗೆ ಒಬ್ಬ ಟೆಸ್ಟರ್ ಮಾತು

ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡಿದು ಕೂತರೆ ನಾನು ಮೊದಲು ತೆರೆಯುವ ಪುಟ ಹ್ಯಾಕರ್ ನ್ಯೂಸ್, ಹೆಚ್ಚಾಗಿ ಸಾಫ್ಟ್‌ವೇರ್ ಮತ್ತು ತಂತ್ರಜ್ಞಾನದ ಸುದ್ದಿ ಲಿಂಕುಗಳ ತಾಣ. ಒಂಬತ್ತು ವರ್ಷದಿಂದ ಇದೇ ಅಭ್ಯಾಸ. ಚಿತ್ರ ಇಲ್ಲ, ವಿಡಿಯೊ ಇಲ್ಲ. ಮೇಲೊಂದು ಕಿತ್ತಳೆ ಪಟ್ಟಿ, ಕೆಳಗೆ 30 ತಲೆಬರಹ, ಅಷ್ಟೇ. ಕಾಸು ಕೇಳುವುದಿಲ್ಲ. ನಮ್ಮೂರಿಗೆ ಹೋದಾಗ ನೆಟ್‌ವರ್ಕ್ ಒಂದು ಗೆರೆ ಇದ್ದರೂ ತೆರೆದುಕೊಳ್ಳುತ್ತದೆ. 2007ರಲ್ಲಿ ಪಾಲ್ ಗ್ರಹಾಂ ಶುರು ಮಾಡಿದ್ದು, ಹೊಸ ಕಂಪನಿಗಳಿಗೆ ಹಣ ಹೂಡುವ ವೈ ಕಾಂಬಿನೇಟರ್ ಅನ್ನುವ ಸಂಸ್ಥೆ ನಡೆಸುತ್ತಿದೆ. ಲಿಂಕ್ ಹಾಕುವವರೂ ಓದುಗರೇ, ಓಟು ಹಾಕುವವರೂ ಓದುಗರೇ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಯಾವುದಾದರೂ ಬಟನ್ ಕಂಡರೆ, ಇದನ್ನು ಜನ ಹೇಗೆಲ್ಲ ತಪ್ಪಾಗಿ ಬಳಸಬಹುದು ಅಂತ ಯೋಚಿಸುವುದಕ್ಕೇ ನನಗೆ ಸಂಬಳ. ಹಾಗಾಗಿ ಈ ವಿಮರ್ಶೆಯನ್ನು ತಲೆಬರಹದ ಪಕ್ಕದಲ್ಲಿರುವ, ಓಟು ಹಾಕಲು ಒತ್ತುವ ಆ ಪುಟ್ಟ ಬೂದು ಬಾಣದ ಮೇಲೇ ಬರೆಯುತ್ತಿದ್ದೇನೆ. ತಾಣ ನಿಂತಿರುವುದೇ ಅದರ ಮೇಲೆ.

ಮೊದಲು ಲೆಕ್ಕ ನೋಡೋಣ. ಸುದ್ದಿಗೆ ಬಿದ್ದ ಓಟುಗಳನ್ನು ಅದರ ವಯಸ್ಸಿನಿಂದ ಭಾಗಿಸಿ ಸ್ಥಾನ ಕೊಡುತ್ತಾರೆ. ಹಿಂದೆ ಹೊರಗೆ ಬಿಟ್ಟ ಕೋಡ್‌ನಲ್ಲಿದ್ದ ಸೂತ್ರ ಸರಳವಾಗಿ ಹೇಳಿದರೆ ಹೀಗೆ: ಓಟಿನಲ್ಲಿ ಒಂದು ಕಳೆಯಿರಿ, ಆಮೇಲೆ ಸುದ್ದಿ ಬಂದು ಎಷ್ಟು ಗಂಟೆಯಾಯಿತೋ ಆ ಸಂಖ್ಯೆಗೆ ಎರಡು ಸೇರಿಸಿ, ಅದರ 1.8ನೇ ಘಾತದಿಂದ ಓಟನ್ನು ಭಾಗಿಸಿ. ನಾನು ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿದೆ. ಒಂದು ಗಂಟೆಯಲ್ಲಿ 10 ಓಟು ಬಂದ ಸುದ್ದಿಗೆ ಸುಮಾರು 1.25 ಬರುತ್ತದೆ. ಹತ್ತು ಗಂಟೆಯಲ್ಲಿ 100 ಓಟು ಬಂದದ್ದಕ್ಕೆ 1.13. ಅಂದರೆ ಆ ಹತ್ತು ಜನ ಈ ನೂರು ಜನಕ್ಕಿಂತ ಭಾರ.

ಸುದ್ದಿ ತಾಣ ಅಂದಮೇಲೆ ಹೊಸದು ಮೇಲೆ ಬರಬೇಕು, ಹಳೆಯದು ಇಳಿಯಬೇಕು, ಒಪ್ಪುತ್ತೇನೆ. ಆದರೆ ಇದರಿಂದ ಆಗುವುದೇನು? ಮೊದಲ ಅರ್ಧ ಗಂಟೆಯಲ್ಲಿ ಯಾರು ಎದ್ದಿದ್ದರು, ಯಾರು ನೋಡಿದರು ಅನ್ನುವುದರ ಮೇಲೆ ಎಲ್ಲ ನಿಲ್ಲುತ್ತದೆ. ನಾವು ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುವಾಗ ವೈ ಕಾಂಬಿನೇಟರ್ ಇರುವ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ, ಬೇಸಿಗೆಯಾದರೆ ಆರೂವರೆ. ಒಂದು ಬರಹ ಎಷ್ಟೇ ಚೆನ್ನಾಗಿರಲಿ, ಅದು ಬಂದ ಹೊತ್ತೂ ಅದರ ಹಣೆಬರಹ ಬರೆಯುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಆರು ವರ್ಷದ ಹಿಂದೆ ಇದೇ ತರಹದ ಇನ್ನೊಂದು ಚಿಕ್ಕ ತಾಣದಲ್ಲಿ, ಅದರ ಹೆಸರು ಬೇಡ, ನಾನೇ ಒಂದು ತಪ್ಪು ಮಾಡಿದೆ. ಕನ್ನಡ ಹೆಸರುಗಳು ಆನ್‌ಲೈನ್ ಫಾರ್ಮ್‌ಗಳಲ್ಲಿ ಯಾಕೆ ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ ಅಂತ ಒಂದು ಲೇಖನ ಬರೆದಿದ್ದೆ. ‘ಲಕ್ಷ್ಮೀ’ ಅನ್ನುವುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿ, ಅದರ ಎಣಿಕೆಯಲ್ಲಿ ಅದು ಏಳು. ಹತ್ತು ಅಕ್ಷರದ ಮಿತಿ ಇಟ್ಟರೆ ‘ಲಕ್ಷ್ಮೀದೇವಿ’ ಕೂಡ ಪೂರ್ತಿ ಹಿಡಿಯುವುದಿಲ್ಲ. ಇದು ಎಲ್ಲರಿಗೂ ತಿಳಿಯಬೇಕು ಅನ್ನುವ ಆಸೆ ನನಗೆ. ಲಿಂಕ್ ಹಾಕಿದ ತಕ್ಷಣ ಆಫೀಸ್ ವಾಟ್ಸಾಪ್ ಗುಂಪಿನಲ್ಲಿ ‘ಒಂದು ಓಟು ಹಾಕ್ರಪ್ಪಾ’ ಅಂತ ಕೇಳಿಬಿಟ್ಟೆ.

ಕ್ಯಾಂಟೀನಿನಲ್ಲಿ ಚಿತ್ರಾನ್ನದ ತಟ್ಟೆ ಮುಂದೆ ಇಟ್ಟುಕೊಂಡು ಫೋನ್ ಪುಟ ಎಳೆದೆಳೆದು ನೋಡುತ್ತಿದ್ದೆ. ಮೂರು, ಐದು, ಒಂಬತ್ತು, ಹನ್ನೊಂದು. ಹತ್ತು ನಿಮಿಷದಲ್ಲಿ ನನ್ನದು ಮೊದಲ ಸ್ಥಾನ. ಹಾಕಿದವರಲ್ಲಿ ಇಬ್ಬರು ಮಾತ್ರ ಓದಿದ್ದರು, ಅದನ್ನು ಆಮೇಲೆ ನಾನೇ ಕೇಳಿ ತಿಳಿದೆ. ಅದೇ ಹೊತ್ತಿಗೆ ಕೆಳಗೆ ಇನ್ನೊಂದು ಬರಹ ಇತ್ತು. ಬ್ಯಾಕಪ್ ತೆಗೆದುಕೊಂಡು ಸುಮ್ಮನಿದ್ದರೆ ಸಾಲದು, ವಾಪಸ್ ತರಿಸಿ ನೋಡಬೇಕು ಅಂತ ಯಾರೋ ತಮ್ಮ ಸ್ವಂತ ಅನುಭವ ಬರೆದಿದ್ದರು. ನನ್ನದಕ್ಕಿಂತ ಒಳ್ಳೆಯ ಬರಹ ಅದು. ಅದಕ್ಕೆ ಇದ್ದದ್ದು ಒಂದೇ ಓಟು, ಬಹುಶಃ ಬರೆದವರದ್ದೇ. ಸಂಜೆ ಬಸ್ಸಿನಲ್ಲಿ ಹುಡುಕಿದರೆ ಅದು ಮೂರನೇ ಪುಟದಲ್ಲಿತ್ತು. ಅವತ್ತು ನನಗೆ ತುಂಬಾ ಬೇಜಾರಾಯಿತು. ಅವರ ಜಾಗವನ್ನು ನಾನು ಕಿತ್ತುಕೊಂಡಿದ್ದೆ. ಆಮೇಲೆ ಯಾವ ತಾಣದಲ್ಲೂ ಯಾರಿಗೂ ಓಟು ಕೇಳಿಲ್ಲ.

ಮೊದಲ ಓಟಿನ ತೂಕ ಎಷ್ಟು ಅಂತ ಅಳೆದವರಿದ್ದಾರೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಒಂದು ಪ್ರಯೋಗ ಪ್ರಕಟಿಸಿದರು. ಓದುಗರೇ ಓಟು ಹಾಕುವ ಒಂದು ಸುದ್ದಿ ತಾಣದಲ್ಲಿ ಐದು ತಿಂಗಳು, 1,01,281 ಕಮೆಂಟುಗಳ ಮೇಲೆ. ಕೆಲವು ಕಮೆಂಟಿಗೆ ಹುಟ್ಟುತ್ತಲೇ ಸುಮ್ನೆ ಒಂದು ಮೇಲ್ಮುಖ ಓಟು ಕೊಟ್ಟರು. ಅವುಗಳ ಕೊನೆಯ ಅಂಕ ಸರಾಸರಿ 25% ಜಾಸ್ತಿಯಾಗಿತ್ತು. ಸುಳ್ಳು ಕೆಳ ಓಟು ಕೊಟ್ಟಾಗ ಮಾತ್ರ ಜನ ಅದನ್ನು ಸರಿಪಡಿಸಿದರು. ಅಂದರೆ ಅನ್ಯಾಯವಾಗಿ ಕೆಳಗೆ ತಳ್ಳಿದ್ದನ್ನು ನಾವು ಎತ್ತುತ್ತೇವೆ, ಆದರೆ ಅನ್ಯಾಯವಾಗಿ ಮೇಲೆ ಕೂರಿಸಿದ್ದು ನಮಗೆ ಕಾಣುವುದೇ ಇಲ್ಲ.

ಹ್ಯಾಕರ್ ನ್ಯೂಸ್ ಇದಕ್ಕೆ ಏನು ಮಾಡಿದೆ ಅನ್ನುವುದು ಮೆಚ್ಚಬೇಕಾದ ಮಾತು. ಬೇರೆಯವರ ಕಮೆಂಟಿಗೆ ಎಷ್ಟು ಅಂಕ ಬಂದಿದೆ ಅಂತ ಅಲ್ಲಿ ಕಾಣುವುದಿಲ್ಲ. ನಿಮ್ಮದು ನಿಮಗೆ ಮಾತ್ರ. ಗುಂಪು ಕಟ್ಟಿ ಓಟು ಹಾಕಿಸುವುದನ್ನು ಹಿಡಿಯುವ ಸಾಫ್ಟ್‌ವೇರ್ ಇದೆ, ಓಟು ಕೇಳಬೇಡಿ ಅಂತ ನಿಯಮವೂ ಇದೆ. ಜಗಳ ಹೊತ್ತಿಕೊಂಡ ಚರ್ಚೆಯನ್ನು ತಾನಾಗಿ ಕೆಳಗಿಳಿಸುವ ಏರ್ಪಾಡಿದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಎರಡನೇ ಅವಕಾಶದ ಪಟ್ಟಿ. ಯಾರ ಕಣ್ಣಿಗೂ ಬೀಳದೆ ಮುಳುಗಿದ ಒಳ್ಳೆಯ ಬರಹಗಳನ್ನು ಮನುಷ್ಯರೇ ಓದಿ ಆರಿಸಿ, ಮತ್ತೆ ಮೊದಲ ಪುಟದ ಕೆಳಭಾಗಕ್ಕೆ ತಂದಿಡುತ್ತಾರೆ. ಬ್ಯಾಕಪ್ ಬಗ್ಗೆ ಬರೆದವರಿಗೆ ಅಂಥದ್ದೊಂದು ಅವಕಾಶ ಬೇಕಿತ್ತು. ಓಟಿನ ಸೋಲನ್ನು ಸರಿಮಾಡುವುದು ಇನ್ನಷ್ಟು ಓಟಲ್ಲ, ಕೂತು ಓದುವ ಮನುಷ್ಯ. ಈ ತಾಣವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಡ್ಯಾನ್ ಗ್ಯಾಕಲ್ ಕಮೆಂಟುಗಳಲ್ಲಿ ಒಬ್ಬೊಬ್ಬರಿಗೂ ತಾಳ್ಮೆಯಿಂದ ಉತ್ತರ ಬರೆಯುವುದನ್ನು ಓದಿದರೆ ನನ್ನ ಮಾತು ಅರ್ಥವಾಗುತ್ತದೆ.

ಸರಿಯಾಗದೆ ಉಳಿದದ್ದು ಕಮೆಂಟಿನ ಕೆಳಬಾಣ. ಸುಮಾರು 500 ಕರ್ಮ, ಅಂದರೆ ಅಲ್ಲಿನ ಅಂಕ, ಗಳಿಸಿದವರಿಗೆ ಅದು ಸಿಗುತ್ತದೆ. ಕೆಳಬಾಣ ಬಿದ್ದಷ್ಟೂ ಕಮೆಂಟಿನ ಅಕ್ಷರ ಮಸುಕಾಗುತ್ತಾ ಹೋಗುತ್ತದೆ. ಒಪ್ಪದಿದ್ದರೆ ಕೆಳಬಾಣ ಒತ್ತಿದರೂ ತಪ್ಪಿಲ್ಲ ಅಂತ ಪಾಲ್ ಗ್ರಹಾಂ 2008ರಲ್ಲೇ ಹೇಳಿದ್ದರು. ನನ್ನ ತಕರಾರು ಇಲ್ಲೇ. ‘ಇದು ಕೆಟ್ಟ ಬರಹ’ ಅನ್ನುವುದು ಬೇರೆ, ‘ನನಗೆ ಒಪ್ಪಿಗೆ ಇಲ್ಲ’ ಅನ್ನುವುದು ಬೇರೆ, ಅಲ್ವಾ? ಎರಡಕ್ಕೂ ಒಂದೇ ಬಟನ್ ಕೊಟ್ಟರೆ, ಒಂಟಿಯಾಗಿ ನಿಂತು ಸರಿಯಾದದ್ದನ್ನು ಹೇಳಿದವನ ಮಾತೂ ಬೈಗುಳದ ಹಾಗೇ ಮಸುಕಾಗುತ್ತದೆ. ನನ್ನ ಕೆಲಸದಲ್ಲಿ ಒಂದು ಬಟನ್ ಎರಡು ಕೆಲಸ ಮಾಡಿದರೆ ಬಗ್ ಅಂತ ಬರೆದು ವಾಪಸ್ ಕಳಿಸುತ್ತೇವೆ.

ಹಳೆಯ ಸ್ಲಾಶ್‌ಡಾಟ್ ಇದನ್ನು ಚೆನ್ನಾಗಿ ಯೋಚಿಸಿತ್ತು. 1997ರಲ್ಲಿ ಶುರುವಾದ, ಇಂಥದೇ ತಂತ್ರಜ್ಞಾನ ಸುದ್ದಿಯ ತಾಣ. ಅಲ್ಲಿ ಎಲ್ಲರಿಗೂ ಸದಾ ಓಟು ಇರಲಿಲ್ಲ. ಆಗಾಗ ಕೆಲವರಿಗೆ ಐದು ಅಂಕ ಕೊಡುತ್ತಿದ್ದರು, ಮೂರು ದಿನದಲ್ಲಿ ಬಳಸದಿದ್ದರೆ ಹೋಯಿತು. ಅಂಕ ಹಾಕುವಾಗ ಕಾರಣವನ್ನೂ ಆರಿಸಬೇಕು: ಒಳನೋಟ ಇದೆ, ಮಾಹಿತಿ ಇದೆ, ತಮಾಷೆ, ವಿಷಯಕ್ಕೆ ಸಂಬಂಧ ಇಲ್ಲ, ಹೀಗೆ. ತಮಾಷೆಗೆ ಬಿದ್ದ ಅಂಕದಿಂದ ಬರೆದವರ ಕರ್ಮ ಏರುತ್ತಿರಲಿಲ್ಲ. ಕೈಯಲ್ಲಿ ಐದೇ ಇದ್ದಾಗ ಜನ ಓದಿ ಖರ್ಚು ಮಾಡುತ್ತಾರೆ.

ಓದುಗರ ಓಟಿನ ಮೇಲೆಯೇ ನಡೆಯುತ್ತಿದ್ದ ಡಿಗ್ ಅನ್ನುವ ತಾಣದ ಕಥೆ ಗೊತ್ತಿರುವವರಿಗೆ ಇದರ ಇನ್ನೊಂದು ಮುಖವೂ ಗೊತ್ತು. 2010ರ ಆಗಸ್ಟ್‌ನಲ್ಲಿ ತಾಣವನ್ನೇ ಬದಲಿಸಿ, ಕೆಳಗೆ ತಳ್ಳುವ ಬಟನ್ ತೆಗೆದುಹಾಕಿದರು. ಸಿಟ್ಟಾದ ಓದುಗರು ಅದರ ಮೊದಲ ಪುಟದ ತುಂಬ ಎದುರಾಳಿ ತಾಣ ರೆಡ್ಡಿಟ್‌ನ ಲಿಂಕುಗಳನ್ನೇ ಏರಿಸಿಟ್ಟರು. ಎರಡು ವರ್ಷದಲ್ಲಿ ಡಿಗ್ ಮಾರಾಟವಾಯಿತು. ಕೆಳಬಾಣವನ್ನು ಕಿತ್ತುಹಾಕಿ ಅಂತ ನಾನು ಹೇಳದಿರುವುದು ಅದಕ್ಕೇ. ಕಾರಣ ಕೇಳಿ, ಅಷ್ಟು ಸಾಕು.

ಹೊಸದಾಗಿ ಸೇರುವವರು ಎರಡು ಕೆಲಸ ಮಾಡಿ. ಮೇಲಿನ ಪಟ್ಟಿಯಲ್ಲಿ ‘ನ್ಯೂ’ ಅಂತ ಇದೆ, ದಿನಕ್ಕೆ ಹತ್ತು ನಿಮಿಷ ಅಲ್ಲಿ ಕೂರಿ. ಒಂದು ಓಟು ಇರುವ ಬರಹಗಳೆಲ್ಲ ಅಲ್ಲಿರುತ್ತವೆ, ಲಿಂಕ್ ತೆರೆದು ಪೂರ್ತಿ ಓದಿ ಆಮೇಲೆ ಬಾಣ ಒತ್ತಿ. ಇನ್ನೊಂದು, ಪ್ರೊಫೈಲ್‌ನಲ್ಲಿ ‘ಶೋಡೆಡ್’ ಅನ್ನುವುದನ್ನು ಆನ್ ಮಾಡಿ. ಮುಚ್ಚಿಹೋದ ಬರಹಗಳೂ ಕಾಣುತ್ತವೆ. ಹೆಚ್ಚಿನವು ಮುಚ್ಚಬೇಕಾದವೇ. ನಡುವೆ ಒಂದು ಒಳ್ಳೆಯದು ಸಿಕ್ಕರೆ, ಸ್ವಲ್ಪ ಕರ್ಮ ಇದ್ದವರಿಗೆ ‘ವೌಚ್’, ಅಂದರೆ ‘ಇದು ಸರಿಯಿದೆ, ನಾನು ಹೇಳುತ್ತೇನೆ’, ಅಂತ ಒಂದು ಲಿಂಕ್ ಕಾಣುತ್ತದೆ. ಅದನ್ನು ಒತ್ತಿದರೆ ಆ ಬರಹ ವಾಪಸ್ ಬರಬಹುದು. ಹೋದ ವಾರ ನಾನು ಎರಡಕ್ಕೆ ಒತ್ತಿದೆ, ಒಂದು ಬಂತು.