ಹಳೆ ಸೇತುವೆಗೆ ತೂಕದ ಸೆನ್ಸರ್: ರಸ್ತೆ ಕೊರೆದು ಹೂಳುವುದೋ, ಗರ್ಡರ್ ಕೆಳಗೆ ಕಟ್ಟುವುದೋ?

2019ರ ನವೆಂಬರ್ 18ರಂದು ಫ್ರಾನ್ಸಿನ ಮಿರೆಪ್ವಾ-ಸುರ್-ಟಾರ್ನ್‌ನಲ್ಲಿ ಒಂದು ಹಳೆಯ ತೂಗುಸೇತುವೆ ಕುಸಿದು ಇಬ್ಬರು ಸತ್ತರು. ಮಿತಿ 19 ಟನ್. ಮೇಲೆ ಹತ್ತಿದ್ದ ಲಾರಿ 50 ಟನ್ನಿಗೂ ಜಾಸ್ತಿ. ಬೋರ್ಡು ಯಾವ ಲಾರಿಯನ್ನೂ ತಡೆಯುವುದಿಲ್ಲ. ಸೆನ್ಸರೂ ತಡೆಯುವುದಿಲ್ಲ ಅನ್ನಿ, ಆದರೆ ಯಾವ ಲಾರಿ ಎಷ್ಟು ಭಾರ ಹೊತ್ತು ಬಂತು ಎಂಬ ಲೆಕ್ಕವನ್ನಾದರೂ ಕೊಡುತ್ತದೆ. ಓಡುವ ಲಾರಿಯನ್ನು ತೂಗಲು ಸಿಗುವ ಸಾಧನಗಳಲ್ಲಿ ಹಳೆ ಸೇತುವೆಗೆ ಪರಿಗಣಿಸಬೇಕಾದವು ಎರಡು.

ಮೊದಲನೆಯದು ರಸ್ತೆಯೊಳಗೆ ಹೂಳುವ, ಒತ್ತಡ ಬಿದ್ದರೆ ವಿದ್ಯುತ್ ಸಿಗ್ನಲ್ ಕೊಡುವ ಕ್ವಾರ್ಟ್ಜ್ ಪಟ್ಟಿ. ಸ್ವಿಸ್ ಕಂಪನಿ ಕಿಸ್ಲರ್‌ನ ಲಿನಿಯಾಸ್ ಈ ಜಾತಿಯದು. ಪಟ್ಟಿ ಟೈರಿನ ಅಚ್ಚಿಗಿಂತ ಕಿರಿದು, ಹಾಗಾಗಿ ಇಡೀ ಚಕ್ರ ಒಮ್ಮೆಲೇ ಅದರ ಮೇಲೆ ಕೂರುವುದೇ ಇಲ್ಲ. ಚಕ್ರ ದಾಟುವಾಗ ಬರುವ ಸಿಗ್ನಲ್ ಕೂಡಿಸಿ, ವೇಗದಿಂದ ಗುಣಿಸಿ, ಪಟ್ಟಿಯ ಅಗಲದಿಂದ ಭಾಗಿಸಿ ತೂಕ ತೆಗೆಯುತ್ತಾರೆ. ವೇಗದಲ್ಲಿ ನೂರಕ್ಕೆ ಒಂದು ತಪ್ಪಿದರೆ ತೂಕದಲ್ಲೂ ಅಷ್ಟೇ ತಪ್ಪು. ಲಾರಿ ಪಟ್ಟಿಯ ಮೇಲೆ ಬ್ರೇಕ್ ಹಾಕಿದರೆ ಅಥವಾ ನಿಂತರೆ ಆ ಲೆಕ್ಕ ಬರಿ ಕಸ. ನಮ್ಮಲ್ಲಿ ಸೇತುವೆಯ ಬಾಯಿಗೇ ಹಂಪ್ ಹಾಕುವ ಚಾಳಿ ಇದೆಯಲ್ಲ, ಅಂಥ ಕಡೆ ಇದಕ್ಕೆ ದುಡ್ಡು ಸುರಿಯಬೇಡಿ. ಓಡುವ ವಾಹನ ತೂಗುವ ಸಾಧನಗಳಿಗೆಂದು ಇರುವ ಅಮೆರಿಕದ ಎಎಸ್‌ಟಿಎಂ ಇ1318 ಮಾನಕ, ಸೆನ್ಸರ್‌ಗೆ ಮುಂಚೆ 60 ಮೀಟರ್, ನಂತರ 30 ಮೀಟರ್ ನುಣುಪು ರಸ್ತೆ ಕೇಳುತ್ತದೆ. 6 ಮೀಟರ್ ಪಟ್ಟಿಕೋಲು ಇಟ್ಟರೆ ಅದರಡಿ 3 ಮಿಲಿಮೀಟರ್ ದಪ್ಪದ ಬಿಲ್ಲೆ ನುಸುಳಬಾರದು.

ಹಳೆ ಸೇತುವೆಯ ಡೆಕ್ (ವಾಹನ ಓಡುವ ಹಾಸು) ಮೇಲೆ ಇದನ್ನು ಹಾಕಲೇಬಾರದು. ಗುಂಡಿಗೆ ಸುಮಾರು 5.5 ಸೆಂಟಿಮೀಟರ್ ಆಳ ಬೇಕು, ಡೆಕ್ ಮೇಲಿನ ಡಾಂಬರು ಎಷ್ಟೋ ಕಡೆ ಅಷ್ಟೇ ದಪ್ಪ. ಕೊರೆದರೆ ನೀರುತಡೆ ಪದರ ಹರಿದು, ಮಳೆನೀರು ಸ್ಲ್ಯಾಬಿನ ಕಂಬಿಗೆ ಇಳಿಯುತ್ತದೆ. ಸೇತುವೆಯ ಅಲುಗಾಟವೂ ತೂಕದಲ್ಲಿ ಬೆರೆತುಬಿಡುತ್ತದೆ. ಎಕ್ಸ್‌ಪಾನ್ಷನ್ ಜಾಯಿಂಟ್‌ನಿಂದ (ಸೇತುವೆ ಹಿಗ್ಗಿ ಕುಗ್ಗಲು ಬಿಟ್ಟ ಸಂದು) ದೂರ, ಸೇತುವೆಗೆ ಬಂದು ಸೇರುವ ಅಪ್ರೋಚ್ ರಸ್ತೆಯಲ್ಲಿ ಹಾಕಿ. ಗುಂಡಿ ಒಣಗಿರಬೇಕು, ಧೂಳು ಊದಿರಬೇಕು, ಪಟ್ಟಿ ಹಿಡಿದಿಡುವ ರೆಸಿನ್ ಅಂಟು ಗಟ್ಟಿಯಾದ ಮೇಲೆ ರಸ್ತೆ ಮಟ್ಟಕ್ಕೆ ಉಜ್ಜಬೇಕು. ಕ್ರಮೇಣ ಸುತ್ತಲಿನ ಡಾಂಬರು ತಗ್ಗಾದಂತೆ ಪಟ್ಟಿ ಉಬ್ಬಿ ನಿಲ್ಲುತ್ತದೆ, ಚಕ್ರ ಬಡಿದು ತೂಕ ಜಾಸ್ತಿ ತೋರುತ್ತದೆ. ಮಳೆಗಾಲದಲ್ಲಿ ಮೊದಲು ಕೈಕೊಡುವುದು ಕೇಬಲ್ ಜಾಯಿಂಟ್. ತೇವ ಹೊಕ್ಕರೆ ಇನ್ಸುಲೇಶನ್ ಕೆಟ್ಟು ಅಂಕಿ ಜಾರತೊಡಗುತ್ತದೆ. ಕೇಬಲ್ ತುಂಡರಿಸಿ ಸೇರಿಸಲು ಗುತ್ತಿಗೆದಾರನನ್ನು ಬಿಡಬೇಡಿ. ಅಗ್ಗವೆಂದು ಪಾಲಿಮರ್ ಪಟ್ಟಿ ತೋರಿಸಿದರೆ ಬೇಡವೆನ್ನಿ. ಬಿಸಿಲೇರಿದಂತೆ ಅದರ ತೂಕವೂ ಬದಲಾಗುತ್ತದೆ.

ಎರಡನೆಯದು ಸೇತುವೆಯನ್ನೇ ತಕ್ಕಡಿ ಮಾಡುವ ಪದ್ಧತಿ. 1979ರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡ್ ಮೋಸೆಸ್ ಮುಂದಿಟ್ಟದ್ದು. ಸ್ಲೊವೇನಿಯಾದ ಸಿವಿಮ್ ಈಗ ಇದರ ಹೆಸರುವಾಸಿ ಮಾದರಿ. ಪ್ರತಿ ಗರ್ಡರ್‌ನ (ಡೆಕ್ ಹೊರುವ ತೊಲೆ) ನಡುಮಧ್ಯ, ತಳಭಾಗಕ್ಕೆ ಸ್ಟ್ರೇನ್ ಸೆನ್ಸರ್, ಅಂದರೆ ಭಾರಕ್ಕೆ ಗರ್ಡರ್ ಎಷ್ಟು ಹಿಗ್ಗಿತೆಂದು ಅಳೆಯುವ ಸಾಧನ, ಕಟ್ಟುತ್ತಾರೆ; ಆಕ್ಸಲ್ ಎಣಿಸಿ ವೇಗ ಹಿಡಿಯಲು ಸ್ಲ್ಯಾಬಿನ ಕೆಳಗೆ ಇನ್ನಷ್ಟು. ರಸ್ತೆ ಮುಟ್ಟಬೇಕಿಲ್ಲ, ಟ್ರಾಫಿಕ್ ನಿಲ್ಲಿಸಬೇಕಾಗಿಯೂ ಇಲ್ಲ. 5ರಿಂದ 15 ಮೀಟರ್ ಸ್ಪ್ಯಾನಿನಲ್ಲಿ (ಎರಡು ಆಧಾರಗಳ ನಡುವಿನ ಉದ್ದ) ಚೆನ್ನಾಗಿ ನಡೆಯುತ್ತದೆ. ಸ್ಪ್ಯಾನ್ ಉದ್ದವಾದಷ್ಟೂ ಎರಡು ಲಾರಿ ಒಟ್ಟಿಗೆ ಮೇಲಿರುವುದು ಹೆಚ್ಚಿ ಲೆಕ್ಕ ಕಲಸಿಹೋಗುತ್ತದೆ. ಒಟ್ಟು ತೂಕ ನಂಬಬಹುದು. ಒತ್ತೊತ್ತಾಗಿರುವ ಜೋಡಿ ಆಕ್ಸಲ್‌ಗಳಲ್ಲಿ ಯಾವುದಕ್ಕೆಷ್ಟು ಎಂಬುದನ್ನು ಅಷ್ಟಾಗಿ ನಂಬಬೇಡಿ.

ಕಟ್ಟುವವರು ಎಡವುವುದು ಬಿರುಕಿನಲ್ಲಿ. ಭಾರಿ ಕಾಂಕ್ರೀಟ್ ಗರ್ಡರ್‌ನಲ್ಲಿ ಲಾರಿಯೊಂದು ಹುಟ್ಟಿಸುವ ಸ್ಟ್ರೇನ್ ತೀರಾ ಚಿಕ್ಕದು. ಸೆನ್ಸರ್ ಬಿರುಕಿನ ಮೇಲೆ ಕೂತರೆ ಅಂಕಿ ಹಲವು ಪಟ್ಟು ಉಬ್ಬುತ್ತದೆ. ಒಳಗೆ ಉಕ್ಕಿನ ಕೇಬಲ್ ಬಿಗಿದ ಪ್ರಿಸ್ಟ್ರೆಸ್ಡ್ ಗರ್ಡರ್ ಆದರೆ ಆ ಕೇಬಲ್ ಎಲ್ಲಿದೆಯೆಂದು ಪತ್ತೆಹಚ್ಚದೆ ಡ್ರಿಲ್ ಎತ್ತಲೇಬೇಡಿ. ಅಂಟಿಸುವ ಪ್ಲೇಟೇ ಲೇಸು. ಕ್ಯಾಲಿಬ್ರೇಷನ್‌ಗೆ, ಅಂದರೆ ಸಾಧನದ ಅಂಕಿಯನ್ನು ನಿಜ ತೂಕಕ್ಕೆ ಹೊಂದಿಸಲು, ವೇಬ್ರಿಡ್ಜಿನಲ್ಲಿ ಆಕ್ಸಲ್‌ವಾರು ತೂಗಿದ ಎರಡು ಲಾರಿ ಬೇಕು: ಒಂದು ಎರಡು ಆಕ್ಸಲ್‌ನದು, ಇನ್ನೊಂದು ಟ್ರೇಲರ್. ಪ್ರತಿ ಲೇನಿನಲ್ಲೂ ಮಾಮೂಲಿ ವೇಗದಲ್ಲಿ ಹತ್ತು ಸಲವಾದರೂ ಓಡಿಸಿ.

ದಂಡದ ವಿಷಯ. ಇ1318 ಮಾನಕ ಸಾಧನಗಳನ್ನು ಟೈಪ್‌ಗಳಾಗಿ ವಿಂಗಡಿಸುತ್ತದೆ: ಟೈಪ್ 1 ಸಾಧನಕ್ಕೆ ಒಟ್ಟು ತೂಕದಲ್ಲಿ ಶೇ 10, ಹೆಚ್ಚು ನಿಖರವಾದ ಟೈಪ್ 3ಕ್ಕೆ ಶೇ 6 ಹೆಚ್ಚುಕಡಿಮೆಗೆ ಅವಕಾಶವಿದೆ, ಅದೂ ನೂರರಲ್ಲಿ 95 ಲಾರಿಗಳಿಗೆ. ಮೂರು ಆಕ್ಸಲ್ ಟಿಪ್ಪರ್‌ಗೆ ನಮ್ಮ ಮಿತಿ 28.5 ಟನ್. ಟೈಪ್ 1 ಸಾಧನ 31 ಎಂದರೆ ಅದು ಕಾನೂನಿನೊಳಗಿರುವ ಲಾರಿಯೂ ಆಗಿರಬಹುದು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಇಷ್ಟು ದೊಡ್ಡ ಮೊತ್ತವನ್ನು ಬರಿ ಸೆನ್ಸರ್ ನಂಬಿ ಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಸಂಶಯದ ಲಾರಿಯನ್ನು ವೇಬ್ರಿಡ್ಜಿಗೆ ಕಳಿಸಬೇಕು. ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್-ಕ್ವೀನ್ಸ್ ಎಕ್ಸ್‌ಪ್ರೆಸ್‌ವೇಯ ಹಳೆ ಮೂರಂತಸ್ತಿನ ಭಾಗದಲ್ಲಿ 2023ರ ನವೆಂಬರ್‌ನಿಂದ ರಸ್ತೆ ಸೆನ್ಸರ್ ನೋಡಿ ನೇರ 650 ಡಾಲರ್ ದಂಡ ಹಾಕತೊಡಗಿದರು. ಅದಕ್ಕೆಂದೇ ಅಲ್ಲಿ ಪ್ರತ್ಯೇಕ ಕಾನೂನು ಮಾಡಿಕೊಂಡರು.

ಎರಡೂ ಸಾಧನ ಹೇಳುವುದು ಲಾರಿಯ ಸ್ಥಿತಿ, ಸೇತುವೆಯದಲ್ಲ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಬಿದ್ದದ್ದಕ್ಕೆ ಪೆಡೆಸ್ಟಲ್ (ಗರ್ಡರ್ ಕೂರುವ ಪೀಠ) ಮತ್ತು ಆರ್ಟಿಕ್ಯುಲೇಷನ್ (ಭಾಗಗಳು ಸೇರುವ ಕೀಲು) ಜಜ್ಜಿಹೋದದ್ದು ಕಾರಣವೆಂದು ಅಲ್ಲಿನ ಸರ್ಕಾರ ಹೇಳಿತು. ಅದನ್ನು ತೂಕದ ಸೆನ್ಸರ್ ಕಾಣುವುದೇ ಇಲ್ಲ.

ನಮ್ಮ ಆಯ್ಕೆ: ಚಿಕ್ಕ ಸ್ಪ್ಯಾನಿನ ಹಳೆ ಸೇತುವೆಗೆ ಗರ್ಡರ್ ಕೆಳಗಿನದು. ಯಾವ ಹೊತ್ತಿನಲ್ಲಿ, ಯಾವ ಲೇನಿನಲ್ಲಿ ಓವರ್‌ಲೋಡ್ ಬರುತ್ತದೆ ಎಂದು ಕೆಲವು ವಾರ ಅಳೆದು, ಆಮೇಲೆ ಬೇಕಿದ್ದರೆ ಅಪ್ರೋಚ್‌ನಲ್ಲಿ ಕ್ವಾರ್ಟ್ಜ್ ಹಾಕಿ. ಟೆಂಡರಿನಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಕ್ಯಾಲಿಬ್ರೇಷನ್ ಎಂದು ಬರೆಸಿ. ಅದಕ್ಕೆ ಬೇಕಾದ ಲಾರಿ ಬಾಡಿಗೆ ಯಾರದ್ದು ಎಂಬುದನ್ನೂ ಬರೆಸಿ.